ಹೃದಯದ ಗೋಡೆ ಬಿರಿದಾಗ: ಶಸ್ತ್ರಕ್ರಿಯೆಗೆ ಮುಂಚೆ ಯಂತ್ರದ ಆಸರೆ



ಹೃದಯಾಘಾತ ಎಂಬ ಮಾತು ಈಗ ನಮ್ಮ ತೋಟದ ಮನೆಗಳಿಗೆ ಹೊಸದಲ್ಲ. ಸ್ಟೆಂಟು, ಆಂಜಿಯೋಪ್ಲಾಸ್ಟಿ ಎಂಬ ಶಬ್ದಗಳನ್ನು ಅಡಿಕೆ ಸುಲಿಯುವ ಚಪ್ಪರದಲ್ಲಿಯೂ ಕೇಳುತ್ತೇವೆ. ಆದರೆ ಹೃದಯಾಘಾತದ ಬೆನ್ನಿಗೆ ಬರುವ ಒಂದು ವಿಪತ್ತಿನ ಬಗ್ಗೆ ನಮ್ಮಲ್ಲಿ ತಿಳಿದವರು ಕಡಿಮೆ. ರೋಗಿ ಮೊದಲ ಪೆಟ್ಟಿನಿಂದ ಪಾರಾಗಿರುತ್ತಾರೆ, ಎದ್ದು ಕುಳಿತು ಗಂಜಿ ಕುಡಿದಿರುತ್ತಾರೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಕೈಕಾಲು ತಣ್ಣಗಾಗುತ್ತದೆ. ಆಗ ವೈದ್ಯರು ಹೊರಗೆ ಬಂದು, "ಹೃದಯದ ಒಳಗೋಡೆಯಲ್ಲಿ ತೂತು ಬಿದ್ದಿದೆ, ಆಪರೇಷನ್ ಆಗಲೇಬೇಕು, ಆದರೆ ಇವತ್ತು ಬೇಡ, ಕೆಲವು ದಿನ ಯಂತ್ರದ ಆಸರೆಯಲ್ಲಿ ಇಡೋಣ" ಎನ್ನುತ್ತಾರೆ. ಆಗಲೇಬೇಕಾದ ಆಪರೇಷನ್ನಿಗೆ ಕಾಯುವುದೇಕೆ, ಯಂತ್ರವೆಂದರೆ ಏನು, ಅದು ಹೃದಯಕ್ಕೆ ಬದಲಿಯೋ ಆಸರೆಯೋ ಎಂದು ಕೇಳಿ ತಿಳಿಯುವಷ್ಟು ಸಮಾಧಾನ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಆದುದರಿಂದ ಈ ಸಂಚಿಕೆಯ ಆರೋಗ್ಯ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ.

ಪಂಪು ಮತ್ತು ಅದರ ಗೋಡೆ

ಹೃದಯವು ಎರಡು ಪಂಪುಗಳನ್ನು ಒಂದೇ ಕವಚದಲ್ಲಿ ಕೂಡಿಸಿದಂತಿದೆ. ಬಲಗಡೆಯ ಪಂಪು ಮೈಯಿಂದ ಬಂದ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳುತ್ತದೆ. ಹತ್ತಿರದ ಕೆಲಸವಾದ್ದರಿಂದ ಕಡಿಮೆ ಒತ್ತಡ ಸಾಕು. ಎಡಗಡೆಯ ಪಂಪು ನೆತ್ತಿಯಿಂದ ಅಂಗಾಲಿನವರೆಗೆ ಕಳಿಸಬೇಕು. ಪಾದರಸದ ಅಳತೆಯಲ್ಲಿ ಹೇಳುವುದಾದರೆ ಎಡಗಡೆ ಸುಮಾರು 120 ಮಿಲಿಮೀಟರ್ ಒತ್ತಡವಿದ್ದರೆ ಬಲಗಡೆ 25ರ ಆಸುಪಾಸು. ವಿಶ್ರಾಂತಿಯಲ್ಲಿರುವ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹಾಯಿಸುತ್ತದೆ. ದಿನಕ್ಕೆ 7 ಸಾವಿರ ಲೀಟರಿಗೂ ಮಿಕ್ಕಿ ಆಯಿತು. ಬೋರ್ಡೋ ದ್ರಾವಣ ಕಲಸುವ ನಮ್ಮ 200 ಲೀಟರಿನ ಡ್ರಮ್ಮಿನಲ್ಲಿ ಅಳೆದರೆ 36 ಡ್ರಮ್ಮು.

ಎರಡು ಪಂಪುಗಳ ನಡುವೆ ಮಾಂಸದ ಒಂದು ನಡುಗೋಡೆ ಇದೆ. ಈ ಗೋಡೆಗೂ ಸುತ್ತಲಿನ ಮಾಂಸಕ್ಕೂ ರಕ್ತ ಕೊಡುವ ನಾಳಗಳು ಹೃದಯದ ಹೊರಮೈ ಮೇಲೆ ಹರಡಿವೆ. ಅವುಗಳಲ್ಲಿ ಒಂದು ಹೆಪ್ಪುಗಟ್ಟಿ ಮುಚ್ಚಿದಾಗ ಅದರ ಪಾಲಿನ ಮಾಂಸ ಸಾಯುತ್ತದೆ. ಇದೇ ಹೃದಯಾಘಾತ. ಸತ್ತ ಮಾಂಸ ಕೂಡಲೇ ಗಟ್ಟಿ ಕಲೆಯಾಗುವುದಿಲ್ಲ. ಮೊದಲ ಕೆಲವು ದಿನ ಮಿದುವಾಗುತ್ತ ಹೋಗುತ್ತದೆ. ಗಾಯ ಒಣಗಿ ಬಿಗಿಯಾದ ಕಲೆ ಕಟ್ಟಿಕೊಳ್ಳಲು ವಾರಗಳೇ ಬೇಕು. ಆ ಮಿದುವಾದ ದಿನಗಳಲ್ಲಿ ಮೂರು ಕಡೆ ಹರಿಯಬಹುದು. ಹೊರಗೋಡೆ ಹರಿದರೆ ರಕ್ತ ಹೃದಯದ ಹೊರಚೀಲಕ್ಕೆ ನುಗ್ಗಿ ಹೃದಯವನ್ನೇ ಅದುಮುತ್ತದೆ. ಎಡಗಡೆಯ ಮೈಟ್ರಲ್ ಕವಾಟದ ಹುರಿಗಳನ್ನು ಎಳೆದು ಹಿಡಿದಿರುವ ಸ್ನಾಯುಕಂಬ ತುಂಡಾದರೆ, ಫುಟ್‌ವಾಲ್ವ್ ಕೆಟ್ಟ ಪಂಪ್‌ಸೆಟ್ಟಿನಂತೆ ರಕ್ತ ಹಿಂದಕ್ಕೆ ಬರುತ್ತದೆ. ಮೂರನೆಯದು ನಡುಗೋಡೆಯ ಬಿರುಕು. ಈ ಪಾಠದಲ್ಲಿ ಹೆಚ್ಚಾಗಿ ಹೇಳುವುದು ಈ ಮೂರನೆಯದನ್ನೇ, ಏಕೆಂದರೆ ಕಾಯುವುದೋ ಬೇಡವೋ ಎಂಬ ಪ್ರಶ್ನೆ ಕಠಿಣವಾಗುವುದು ಇಲ್ಲಿಯೇ.

ನಡುಗೋಡೆ ಬಿರಿದಾಗ ಒತ್ತಡ ಹೆಚ್ಚಿರುವ ಎಡದಿಂದ ಕಡಿಮೆ ಇರುವ ಬಲಕ್ಕೆ ರಕ್ತ ಸೋರುತ್ತದೆ. ಉದಾಹರಣೆಗೆ ಎಡಪಂಪು ನಿಮಿಷಕ್ಕೆ 6 ಲೀಟರ್ ತಳ್ಳಿದರೂ 4 ಲೀಟರ್ ತೂತಿನಲ್ಲಿ ಹೋದರೆ ಮೈಗೆ ದಕ್ಕುವುದು 2 ಲೀಟರ್ ಮಾತ್ರ. ಸೋರಿದ 4 ಲೀಟರ್ ಮತ್ತೆ ಶ್ವಾಸಕೋಶಕ್ಕೇ ಹೋಗಿ ಅದನ್ನು ತುಂಬಿಸುತ್ತದೆ. ಪಂಪು ದುಡಿಯುತ್ತಲೇ ಇದೆ, ಸ್ಪ್ರಿಂಕ್ಲರಿನ ತುದಿಗೆ ಮಾತ್ರ ನೀರಿಲ್ಲ ಎಂಬ ಪರಿಸ್ಥಿತಿ. ಮೂತ್ರ ಕಡಿಮೆಯಾಗುವುದು, ಬೆವರು, ಏದುಸಿರು, ರಕ್ತದೊತ್ತಡ ಕುಸಿಯುವುದು ಎಲ್ಲವೂ ಇದರಿಂದಲೇ. ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ನಿನ್ನೆ ಇಲ್ಲದ ಒರಟು ಮರ್ಮರ ಶಬ್ದ ಇವತ್ತು ಕೇಳುತ್ತದೆ. ಎಕೋ ಪರೀಕ್ಷೆಯಲ್ಲಿ ತೂತು ಕಣ್ಣಿಗೇ ಕಾಣುತ್ತದೆ.

ಇದು ಅಪರೂಪ ಎಂಬುದು ನಿಜ. ಹೆಪ್ಪು ಕರಗಿಸುವ ಔಷಧ ಬರುವ ಮುಂಚೆ ಹೃದಯಾಘಾತವಾದ ನೂರು ಜನರಲ್ಲಿ ಒಬ್ಬಿಬ್ಬರಿಗೆ ಆಗುತ್ತಿತ್ತು. 1993ರಲ್ಲಿ ಪ್ರಕಟವಾದ ಗಸ್ಟೋ ಎಂಬ ದೊಡ್ಡ ಅಧ್ಯಯನದಲ್ಲಿ ಹೆಪ್ಪು ಕರಗಿಸುವ ಔಷಧ ಪಡೆದ 41 ಸಾವಿರ ರೋಗಿಗಳಲ್ಲಿ 84 ಜನರಿಗೆ ಮಾತ್ರ ನಡುಗೋಡೆ ಬಿರಿದಿತ್ತು. ಅಂದರೆ ಸಾವಿರಕ್ಕೆ ಇಬ್ಬರು. ಆದರೆ ಆ 84 ಜನರ ಗತಿ ನೋಡಿದರೆ ಎದೆ ನಡುಗುತ್ತದೆ. ಶಸ್ತ್ರಕ್ರಿಯೆಯಾಗದೆ ಬರೀ ಔಷಧದಲ್ಲಿ ಇದ್ದವರಲ್ಲಿ ನೂರಕ್ಕೆ 94 ಮಂದಿ ಒಂದು ತಿಂಗಳೊಳಗೆ ತೀರಿಕೊಂಡರು. ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ 47.

ಹೊಲಿಗೆ ನಿಲ್ಲದ ಮಾಂಸ

ಹಾಗಾದರೆ ಕೂಡಲೇ ಹೊಲಿದುಬಿಡಬಾರದೆ? ತೊಂದರೆ ಇರುವುದು ಅಲ್ಲಿಯೇ. ಮಳೆಗಾಲದಲ್ಲಿ ಕೊರೆದುಹೋದ ಕೆರೆ ಏರಿಗೆ ಅದೇ ದಿನ ಗೂಟ ಹೊಡೆದರೆ ಗೂಟ ನಿಲ್ಲುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಸತ್ತು ಮಿದುವಾದ ಮಾಂಸದಲ್ಲಿ ದಾರ ಎಳೆದರೆ ಬೆಣ್ಣೆಯಲ್ಲಿ ಎಳೆದಂತೆ ಸೀಳಿಕೊಂಡು ಬರುತ್ತದೆ. ತೂತಿನ ಅಂಚು ಎಲ್ಲಿ ಮುಗಿಯುತ್ತದೆ, ಗಟ್ಟಿ ಮಾಂಸ ಎಲ್ಲಿ ಆರಂಭವಾಗುತ್ತದೆ ಎಂಬುದೂ ಮೊದಲ ದಿನಗಳಲ್ಲಿ ಸ್ಪಷ್ಟವಿರುವುದಿಲ್ಲ. ಹಾಕಿದ ತೇಪೆಯ ಪಕ್ಕದಲ್ಲಿ ಮತ್ತೆ ಬಿಡುವ ಸಂಭವವುಂಟು.

ಈ ಶಸ್ತ್ರಕ್ರಿಯೆಯನ್ನು ಮೊದಲು ಮಾಡಿದವರು ಅಮೆರಿಕದ ಹ್ಯೂಸ್ಟನ್ ನಗರದ ಡಾ. ಡೆಂಟನ್ ಕೂಲಿ, 1957ರಲ್ಲಿ. ಜಾನ್ ಗಿಬ್ಬನ್ ಅವರು ಹೃದಯ–ಶ್ವಾಸಕೋಶ ಯಂತ್ರವನ್ನು ಬಳಸಿ ತೆರೆದ ಹೃದಯದ ಶಸ್ತ್ರಕ್ರಿಯೆ ಯಶಸ್ವಿಗೊಳಿಸಿ ಆಗಿನ್ನೂ 4 ವರ್ಷವಾಗಿತ್ತು. ಕೂಲಿಯವರ ರೋಗಿಗೆ ಗೋಡೆ ಬಿರಿದದ್ದು ಗೊತ್ತಾಗಿ 9 ವಾರ ಕಳೆದಿತ್ತು. ಅಷ್ಟು ಕಾಲ ಬದುಕಿ ಉಳಿದದ್ದರಿಂದ ಗಾಯದ ಅಂಚು ಕಲೆಗಟ್ಟಿ ದಾರ ಹಿಡಿಯುವಂತಾಗಿತ್ತು. ಮುಂದೆ ಕೆಲವು ವರ್ಷ ವೈದ್ಯರು ಇದನ್ನೇ ಪಾಠವಾಗಿ ಹಿಡಿದು, ವಾರಗಟ್ಟಲೆ ಕಾದು ಆಪರೇಷನ್ ಮಾಡುವುದು ಒಳ್ಳೆಯದೆಂದು ನಂಬಿದರು. ಆದರೆ ಕಾಯುವಷ್ಟರಲ್ಲಿ ಹೆಚ್ಚಿನವರು ಬದುಕಿರುತ್ತಿರಲಿಲ್ಲ. ಹೀಗಾಗಿ 1970 ಮತ್ತು 80ರ ದಶಕಗಳಲ್ಲಿ ಮಾತು ತಿರುಗಿತು: ಮಾಂಸ ಮಿದುವಿದ್ದರೂ ಸರಿ, ಬೇಗ ಮಾಡಿ ಎಂದಾಯಿತು.

ಎರಡು ಕಡೆಯ ಲೆಕ್ಕವನ್ನೂ 2012ರ ಒಂದು ಅಮೆರಿಕನ್ ವರದಿ ತೋರಿಸುತ್ತದೆ. 1999ರಿಂದ 2010ರವರೆಗೆ ಈ ಶಸ್ತ್ರಕ್ರಿಯೆಯಾದ 2,876 ಜನರಲ್ಲಿ ನೂರಕ್ಕೆ 43 ಮಂದಿ ಉಳಿಯಲಿಲ್ಲ. ಹೃದಯಾಘಾತವಾಗಿ 7 ದಿನದೊಳಗೆ ಕೊಯ್ದವರಲ್ಲಿ ಸಾವು ನೂರಕ್ಕೆ 54. 7 ದಿನ ಕಳೆದ ಮೇಲೆ ಕೊಯ್ದವರಲ್ಲಿ 18. ಈ ಅಂಕಿ ನೋಡಿ "ಕಾಯುವುದೇ ಲೇಸು" ಎಂದು ತೀರ್ಮಾನಿಸುವ ಮುಂಚೆ ಒಂದು ಎಚ್ಚರಿಕೆ ಬೇಕು. ನರ್ಸರಿಯಲ್ಲಿ ಬೇಸಿಗೆ ದಾಟಿದ ಸಸಿಗಳನ್ನು ಮಾತ್ರ ಎಣಿಸಿ, ನೀರು ಕಡಿಮೆ ಕೊಟ್ಟರೂ ಸಸಿ ಚೆನ್ನಾಗಿ ಬರುತ್ತದೆ ಎಂದರೆ ಒಪ್ಪುತ್ತೇವೆಯೆ? ಏಳು ದಿನ ಕಾದವರೆಂದರೆ ಏಳು ದಿನ ಬದುಕಿದ್ದವರು. ಕಾಯುವಾಗ ತೀರಿಕೊಂಡವರು ಆ 18ರ ಲೆಕ್ಕಕ್ಕೆ ಬಂದೇ ಇಲ್ಲ. ಆದರೂ ಕಲೆಗಟ್ಟಿದ ಮಾಂಸ ದಾರ ಹಿಡಿಯುತ್ತದೆ ಎಂಬ ಸತ್ಯ ಸುಳ್ಳಾಗುವುದಿಲ್ಲ. ಹಾಗಾದರೆ ಕಾಯುವ ದಿನಗಳಲ್ಲಿ ರೋಗಿಯನ್ನು ಉಳಿಸಿಕೊಳ್ಳುವ ದಾರಿ ಬೇಕಾಯಿತು. ಯಂತ್ರದ ಆಸರೆ ಬರುವುದು ಇಲ್ಲಿ.

ಬಲೂನು ಪಂಪು

1962ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೂಲೊಪೂಲೊಸ್, ಟೋಪಾಜ್, ಕೋಲ್ಫ್ ಎಂಬ ಮೂವರು, ಮಹಾಪಧಮನಿಯೊಳಗೆ ಬಲೂನನ್ನಿಟ್ಟು ಹೃದಯಕ್ಕೆ ನೆರವಾಗುವ ಪ್ರಯೋಗವನ್ನು ಪ್ರಕಟಿಸಿದರು. (ಈ ಕೋಲ್ಫ್ ಅವರೇ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಲೆಂಡಿನಲ್ಲಿ ಮೂತ್ರಪಿಂಡದ ಡಯಾಲಿಸಿಸ್ ಯಂತ್ರ ಕಟ್ಟಿದವರು.) ಮನುಷ್ಯರಲ್ಲಿ ಬಲೂನನ್ನು ಮೊದಲು ಫಲಕಾರಿಯಾಗಿ ಬಳಸಿದ್ದು 1967ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ, ಡಾ. ಏಡ್ರಿಯನ್ ಕ್ಯಾಂಟ್ರೊವಿಟ್ಸ್. ಹೃದಯಾಘಾತದಿಂದ ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪಿದ್ದ 45 ವರ್ಷದ ಹೆಂಗಸಿಗೆ ಕೆಲವು ಗಂಟೆ ಬಲೂನನ್ನು ನಡೆಸಿದರು, ಆಕೆ ಚೇತರಿಸಿಕೊಂಡರು. 1973ರ ಹೊತ್ತಿಗೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು, ನಡುಗೋಡೆ ಬಿರಿದವರಲ್ಲಿಯೂ ಮೈಟ್ರಲ್ ಕವಾಟ ಸೋರುವವರಲ್ಲಿಯೂ ಬಲೂನನ್ನು ಬಳಸಿದ ಅನುಭವವನ್ನು ಪ್ರಕಟಿಸಿದರು.

ಇದು ಕೆಲಸ ಮಾಡುವ ಬಗೆ ಸರಳವಾಗಿದೆ, ಆದರೆ ಜಾಣತನದ್ದು. ತೊಡೆಸಂದಿನ ಅಪಧಮನಿಯ ಮೂಲಕ ಸಣ್ಣ ನಳಿಗೆಯೊಂದನ್ನು ಮೇಲಕ್ಕೇರಿಸಿ, ಎದೆಯ ಭಾಗದಲ್ಲಿ ಕೆಳಗಿಳಿಯುವ ಮಹಾಪಧಮನಿಯಲ್ಲಿ ಉದ್ದನೆಯ ಬಲೂನನ್ನು ನಿಲ್ಲಿಸುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 40 ಮಿಲಿಲೀಟರಿನದು. ಮಂಚದ ಪಕ್ಕದ ಯಂತ್ರ ಇಸಿಜಿಯನ್ನು ನೋಡಿಕೊಂಡು ಅದಕ್ಕೆ ಹೀಲಿಯಂ ಅನಿಲ ತುಂಬುತ್ತದೆ, ಎಳೆಯುತ್ತದೆ. ಹೀಲಿಯಂ ಬಹಳ ಹಗುರವಾದ್ದರಿಂದ ಸಪೂರ ನಳಿಗೆಯಲ್ಲಿ ಕ್ಷಣಮಾತ್ರದಲ್ಲಿ ಹೋಗಿ ಬರುತ್ತದೆ. ಹೃದಯ ಸಡಿಲವಾಗಿ ಕವಾಟ ಮುಚ್ಚಿದ ಕ್ಷಣದಲ್ಲಿ ಬಲೂನು ಉಬ್ಬುತ್ತದೆ. ಆಗ ರಕ್ತ ಹಿಂದಕ್ಕೆ ಒತ್ತಲ್ಪಟ್ಟು ಹೃದಯದ ಸ್ವಂತ ನಾಳಗಳಿಗೆ ಹೆಚ್ಚು ರಕ್ತ ಹೋಗುತ್ತದೆ. ಹೃದಯದ ಮಾಂಸ ತನ್ನ ಪಾಲನ್ನು ಪಡೆಯುವುದು ಮುಖ್ಯವಾಗಿ ಸಡಿಲವಾದಾಗಲೇ. ಹೃದಯ ಮತ್ತೆ ಬಿಗಿಯುವ ಮುಂಚಿನ ಕ್ಷಣದಲ್ಲಿ ಬಲೂನು ಕುಗ್ಗುತ್ತದೆ. ಕುಗ್ಗಿದ ಜಾಗ ಖಾಲಿಯಾದ್ದರಿಂದ ಹೃದಯಕ್ಕೆ ತಳ್ಳುವುದು ಸುಲಭವಾಗುತ್ತದೆ.

ನಡುಗೋಡೆಯ ತೂತಿಗೆ ಈ ಎರಡನೆಯ ಕೆಲಸವೇ ಮುಖ್ಯ. ಸ್ಪ್ರಿಂಕ್ಲರ್ ಪೈಪಿನ ನಡುವೆ ಒಂದು ಕಡೆ ಸೀಳು ಬಿಟ್ಟಿದೆ ಎಂದುಕೊಳ್ಳಿ. ತುದಿಯ ಗೇಟ್‌ವಾಲ್ವನ್ನು ಬಿಗಿ ಮಾಡಿದರೆ ಸೀಳಿನಲ್ಲಿ ನೀರು ಚಿಮ್ಮುತ್ತದೆ. ಅದನ್ನೇ ಪೂರ್ತಿ ತೆರೆದರೆ ಸೋರಿಕೆ ತಗ್ಗಿ ಮುಂದಕ್ಕೆ ಹೋಗುತ್ತದೆ. ಬಲೂನು ಕುಗ್ಗಿದಾಗ ಆಗುವುದು ವಾಲ್ವು ತೆರೆದಂತೆ. ರಕ್ತದೊತ್ತಡ ಏರಿಸುವ ಔಷಧಗಳು ರಕ್ತನಾಳಗಳನ್ನು ಬಿಗಿಮಾಡುವುದರಿಂದ ವಾಲ್ವು ಮುಚ್ಚಿದಂತೆಯೇ. ಬದುಕಿಸಲು ಅವು ಬೇಕಾಗುತ್ತವೆ, ಆದರೆ ಸೋರಿಕೆಯನ್ನು ಹೆಚ್ಚಿಸುತ್ತವೆ. ಈ ಇಕ್ಕಟ್ಟಿನಲ್ಲಿರುವ ವೈದ್ಯರಿಗೆ ಬಲೂನು ಒಂದು ದಾರಿ ಕೊಟ್ಟಿತು.

ಬಲೂನಿಗೆ ತನ್ನದೇ ಮಿತಿಗಳಿವೆ. ನಿಮಿಷಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಮಾತ್ರ ಅದರ ನೆರವು. ಹೃದಯ ಸ್ವಲ್ಪವಾದರೂ ದುಡಿಯುತ್ತಿದ್ದರೆ ಉಪಯೋಗ. ಪೂರ್ತಿ ಸೋತಿದ್ದರೆ ಬಲೂನೊಂದರಿಂದ ಆಗುವುದಿಲ್ಲ. ಮಹಾಪಧಮನಿಯ ಕವಾಟ ಹೆಚ್ಚಾಗಿ ಸೋರುತ್ತಿದ್ದರೆ ಅಥವಾ ಮಹಾಪಧಮನಿಯ ಪದರ ಸೀಳಿದ್ದರೆ ಅದನ್ನು ಹಾಕುವಂತೆಯೇ ಇಲ್ಲ.

ದೊಡ್ಡ ಯಂತ್ರಗಳು

ಹೆಚ್ಚಿನ ಬಲ ಬೇಕಾದಾಗ ಈಗ ಎರಡು ಸಾಧನಗಳು ಬಳಕೆಯಲ್ಲಿವೆ. ಇಂಪೆಲಾ ಎಂಬುದು ಬೆರಳಿಗಿಂತ ಸಪೂರದ ಪಂಪು. ರಕ್ತನಾಳದ ಮೂಲಕವೇ ಹೃದಯದ ಎಡ ಕೋಣೆಗೆ ತೂರಿಸಿ, ಅಲ್ಲಿಂದ ರಕ್ತವನ್ನು ಹೀರಿ ಮಹಾಪಧಮನಿಗೆ ಬಿಡುತ್ತಾರೆ. ನಮ್ಮ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪಿನ ಮರಿ ಎನ್ನಬಹುದು. ಅಳತೆಗೆ ತಕ್ಕಂತೆ ನಿಮಿಷಕ್ಕೆ ಎರಡೂವರೆಯಿಂದ ಐದೂವರೆ ಲೀಟರಿನವರೆಗೆ ಹಾಯಿಸುವ ಮಾದರಿಗಳಿವೆ. ಎಡಗಡೆಯ ಭಾರ ಇಳಿಸುವುದರಿಂದ ತೂತಿನ ಸೋರಿಕೆ ತಗ್ಗುತ್ತದೆ. ಆದರೆ ಬಲವಾಗಿ ಹೀರಿದರೆ ಬಲಗಡೆಯ ಕೆಟ್ಟ ರಕ್ತವೇ ತೂತಿನಿಂದ ಎಡಕ್ಕೆ ಬರುವ ಭಯವಿದೆ, ಸತ್ತ ಮಾಂಸದ ಚೂರು ಪಂಪಿಗೆ ಸಿಕ್ಕಿಕೊಳ್ಳುವ ಭಯವೂ ಇದೆ.

ಇನ್ನೊಂದು ಎಕ್ಮೋ. ಕೋವಿಡ್ ಕಾಲದಲ್ಲಿ ಈ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ದೊಡ್ಡ ಅಭಿಧಮನಿಯಿಂದ ರಕ್ತವನ್ನು ಹೊರತೆಗೆದು, ಆಮ್ಲಜನಕ ಸೇರಿಸಿ, ಅಪಧಮನಿಗೆ ತಿರುಗಿ ಬಿಡುವ ಯಂತ್ರ. ಹೃದಯ, ಶ್ವಾಸಕೋಶ ಎರಡೂ ಸೋತಾಗಲೂ ಮೈಗೆ ರಕ್ತ ಮುಟ್ಟಿಸುತ್ತದೆ. ಮೂತ್ರಪಿಂಡ, ಯಕೃತ್ತು, ಮಿದುಳು ಚೇತರಿಸಿಕೊಂಡು ರೋಗಿ ಶಸ್ತ್ರಕ್ರಿಯೆಗೆ ಯೋಗ್ಯರಾಗುತ್ತಾರೆ. ಒಂದೇ ತೊಡಕೆಂದರೆ ತೊಡೆಯಿಂದ ಮೇಲಕ್ಕೆ ತಳ್ಳುವ ಈ ರಕ್ತ ಹೃದಯಕ್ಕೆ ಎದುರು ನೀರಿನಂತೆ ಆಗುತ್ತದೆ. ಮೇಲೆ ಹೇಳಿದ ವಾಲ್ವು ಮುಚ್ಚಿದ ಕಥೆಯೇ. ಆದುದರಿಂದ ಎಕ್ಮೋ ಜೊತೆಗೆ ಬಲೂನನ್ನೋ ಇಂಪೆಲಾವನ್ನೋ ಕೂಡಿಸುವುದುಂಟು.

ಯಂತ್ರ ಇದ್ದಮಾತ್ರಕ್ಕೆ ಎಲ್ಲರಿಗೂ ಹಾಕುವುದು ಒಳ್ಳೆಯದಲ್ಲ ಎಂಬುದೂ ರುಜುವಾತಾಗಿದೆ. ಹೃದಯಾಘಾತದಿಂದ ರಕ್ತದೊತ್ತಡ ಕುಸಿದ 600 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಲೂನು ಹಾಕಿದವರಲ್ಲಿಯೂ ಹಾಕದವರಲ್ಲಿಯೂ ಒಂದು ತಿಂಗಳಲ್ಲಿ ನೂರಕ್ಕೆ ಸುಮಾರು 40 ಸಾವು. 2023ರಲ್ಲಿ ಎಕ್ಮೋ ಕುರಿತು ಬಂದ 420 ರೋಗಿಗಳ ಪರೀಕ್ಷೆಯಲ್ಲೂ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ಡೆನ್ಮಾರ್ಕಿನವರ ಮುಂದಾಳತ್ವದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಾತ್ರ ಇಂಪೆಲಾ ಹಾಕಿದವರಲ್ಲಿ ಆರು ತಿಂಗಳ ಸಾವು ನೂರಕ್ಕೆ 58ರಿಂದ 46ಕ್ಕೆ ಇಳಿದಿತ್ತು, ತೊಡಕುಗಳು ಹೆಚ್ಚಿದ್ದವು. ಆದರೆ ಇವು ಪಂಪಿನ ಬಲವೇ ಕುಂದಿದವರ ಲೆಕ್ಕ, ಗೋಡೆ ಬಿರಿದವರದಲ್ಲ. ಗೋಡೆ ಬಿರಿದವರು ವಿರಳವಾದ್ದರಿಂದ ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸುವಷ್ಟು ಜನ ಸಿಗುವುದು ಕಷ್ಟ. ಹೀಗಾಗಿ ಇಲ್ಲಿ ಹೆಚ್ಚಾಗಿ ನಡೆಯುವುದು ಅನುಭವದ ಮೇಲಿನ ತೀರ್ಮಾನವೇ. ಯಂತ್ರದ ಆಸರೆಯಲ್ಲಿ ರೋಗಿ ಸ್ಥಿರವಾಗಿದ್ದರೆ ಕೆಲವು ದಿನ, ಸಾಧ್ಯವಾದರೆ ಒಂದು ವಾರ ಅಥವಾ ಇನ್ನೂ ಹೆಚ್ಚು ಕಾಯುತ್ತಾರೆ; ಆಸರೆಯಿದ್ದೂ ಇಳಿಮುಖವಾದರೆ ಕಾಯದೆ ಕೊಯ್ಯುತ್ತಾರೆ. ಕೆಲವರಲ್ಲಿ ಎದೆ ತೆರೆಯದೆ ನಳಿಗೆಯ ಮೂಲಕವೇ ಕೊಡೆಯಂತೆ ಬಿಚ್ಚಿಕೊಳ್ಳುವ ಮುಚ್ಚಳದಿಂದ ತೂತು ಮುಚ್ಚುವುದೂ ಉಂಟು.

ಉಳಿದೆರಡು ಹರಿತಗಳಲ್ಲಿ ಕಾಯುವ ಪ್ರಶ್ನೆ ಇಲ್ಲ. ಕವಾಟದ ಸ್ನಾಯುಕಂಬ ತುಂಡಾಗಿದ್ದರೆ ಬಲೂನು ಹಾಕುವುದು ಆಪರೇಷನ್ ಕೋಣೆ ತಲುಪುವವರೆಗಿನ ಗಂಟೆಗಳಿಗಾಗಿ. ಹೊರಗೋಡೆ ಹರಿದಿದ್ದರೆ ಚೀಲದಲ್ಲಿ ಸೇರಿದ ರಕ್ತದ ಒತ್ತಡ ತಗ್ಗಿಸಿ ಆ ಕ್ಷಣವೇ ಕೊಯ್ಯಬೇಕು.

ಮನೆಯವರು ಕೇಳಬೇಕಾದದ್ದು

"ಮಷೀನ್ ಹಾಕಿ ಬಿಲ್ಲು ಏರಿಸುತ್ತಾರೆ" ಎಂಬ ಮಾತು ನಮ್ಮಲ್ಲಿ ಬೇಗ ಹುಟ್ಟುತ್ತದೆ. ಅನುಮಾನ ಇಟ್ಟುಕೊಂಡು ಸುಮ್ಮನಿರುವುದಕ್ಕಿಂತ ನೇರವಾಗಿ ಕೇಳುವುದು ಲೇಸು. ಹರಿದದ್ದು ಯಾವುದು, ನಡುಗೋಡೆಯೋ ಕವಾಟವೋ? ಯಂತ್ರ ಇಡುವುದು ಯಾವುದಕ್ಕಾಗಿ, ಶಸ್ತ್ರಕ್ರಿಯೆಯವರೆಗಿನ ಸೇತುವೆಯಾಗಿಯೋ ಇನ್ನೇನಕ್ಕೋ? ಯಾವ ಲಕ್ಷಣ ಕಂಡರೆ ಕಾಯುವುದನ್ನು ಬಿಟ್ಟು ಕೂಡಲೇ ಕೊಯ್ಯುತ್ತೀರಿ? ಈ ಶಸ್ತ್ರಕ್ರಿಯೆ ಇದೇ ಆಸ್ಪತ್ರೆಯಲ್ಲಿ ಆಗುತ್ತದೆಯೆ, ಬೇರೆಡೆಗೆ ಸಾಗಿಸಬೇಕೆ? ಕೊನೆಯ ಪ್ರಶ್ನೆ ಮೊದಲ ದಿನವೇ ಕೇಳಬೇಕಾದದ್ದು, ಏಕೆಂದರೆ ಯಂತ್ರ ಹಾಕಿದ ಮೇಲೆ ಘಟ್ಟದ ರಸ್ತೆಯಲ್ಲಿ ಸಾಗಿಸುವುದು ಸಣ್ಣ ಕೆಲಸವಲ್ಲ.

ಯಂತ್ರದ ತೊಡಕುಗಳನ್ನೂ ತಿಳಿದಿರಬೇಕು. ನಳಿಗೆ ಇರುವ ಕಾಲಿಗೆ ರಕ್ತ ಕಡಿಮೆಯಾಗಿ ತಣ್ಣಗಾಗಬಹುದು, ಬಣ್ಣ ಬದಲಾಗಬಹುದು. ನರ್ಸುಗಳು ಗಂಟೆಗಂಟೆಗೆ ಪಾದ ಮುಟ್ಟಿ ನೋಡುವುದು ಅದಕ್ಕೇ. ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡುವುದರಿಂದ ರಕ್ತಸ್ರಾವವಾಗಬಹುದು, ಸೋಂಕು ತಗಲಬಹುದು. ತೊಡೆಯಲ್ಲಿ ನಳಿಗೆ ಇರುವಷ್ಟು ದಿನ ಕಾಲು ಮಡಿಸುವಂತಿಲ್ಲ. ರೋಗಿ ಎಚ್ಚರವಿದ್ದರೆ ಎಲ್ಲಕ್ಕಿಂತ ಬೇಸರ ಅದೇ. ಪಕ್ಕದಲ್ಲಿ ಕುಳಿತವರು ಇದನ್ನು ಮತ್ತೆ ಮತ್ತೆ ನೆನಪಿಸುತ್ತಿರಬೇಕು.

ಮೊದಲ ಗಂಟೆಗಳ ಮಾತು

ಗೋಡೆ ಬಿರಿಯುವ ಸಂಭವ ಯಾರಿಗೆ ಹೆಚ್ಚು? ವಯಸ್ಸಾದವರಿಗೆ, ಹೆಂಗಸರಿಗೆ, ರಕ್ತದೊತ್ತಡವಿದ್ದವರಿಗೆ, ಮೊದಲ ಸಲದ ಹೃದಯಾಘಾತಕ್ಕೆ, ಎಲ್ಲಕ್ಕಿಂತ ಮಿಗಿಲಾಗಿ ಮುಚ್ಚಿದ ನಾಳ ತೆರೆಯುವುದು ತಡವಾದವರಿಗೆ. ಮೊದಲ ಸಲದವರಿಗೆ ಏಕೆಂದರೆ, ಬಹುಕಾಲ ಎದೆನೋವು ಇದ್ದವರಲ್ಲಿ ಸಣ್ಣಪುಟ್ಟ ಅಡ್ಡಕಾಲುವೆಗಳು ತಾವಾಗಿಯೇ ಬೆಳೆದಿರುತ್ತವೆ, ಇವರಲ್ಲಿ ಅದಿಲ್ಲ. ವಯಸ್ಸು, ಲಿಂಗ ನಮ್ಮ ಕೈಯಲ್ಲಿಲ್ಲ. ತಡ ಮಾಡುವುದು ಮಾತ್ರ ಬಹುಮಟ್ಟಿಗೆ ನಮ್ಮದೇ.

ಕೊನೆ ಕೊಯ್ಲಿನ ದಿನ, ಕಾಫಿ ಕಣದಲ್ಲಿ ಹಣ್ಣು ಬಿದ್ದಿರುವ ದಿನ ಎದೆ ಬಿಗಿದರೆ "ಗ್ಯಾಸು" ಎಂದು ಜೀರಿಗೆ ಕಷಾಯ ಕುಡಿದು ಮಲಗುವ ಪದ್ಧತಿ ನಮ್ಮಲ್ಲಿದೆ. ಸಕ್ಕರೆ ಕಾಯಿಲೆಯವರಿಗೂ ಹೆಂಗಸರಿಗೂ ನೋವಿಲ್ಲದೆ ಬರೀ ಸುಸ್ತು, ಬೆವರು, ಏದುಸಿರು ಆಗಿಯೂ ಬರಬಹುದು. ಇಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಇಸಿಜಿ ಇರುವ ಕಡೆಗೆ ಹೋಗಬೇಕು. ಆಸ್ಪಿರಿನ್ ಒಗ್ಗದವರಲ್ಲದಿದ್ದರೆ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ, ವೈದ್ಯರನ್ನು ಫೋನಿನಲ್ಲಿ ಕೇಳಿಕೊಂಡು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು. ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸುವ ಏರ್ಪಾಡು ಇದೆ. ದೂರದ ನಗರಕ್ಕೆ ನೇರ ಹೊರಟು ಘಟ್ಟದಲ್ಲಿ ಮೂರು ಗಂಟೆ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಏರ್ಪಾಡು ಇದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ. ಚುಚ್ಚುಮದ್ದಿನಿಂದ ನೋವು ನಿಂತಿತೆಂದು ಮನೆಗೆ ಮರಳುವುದು ಬೇಡ. ಗೋಡೆ ಬಿರಿಯುವುದು ಮೊದಲ ದಿನ ಅಥವಾ ಮೂರರಿಂದ ಐದನೆಯ ದಿನದ ನಡುವೆ ಹೆಚ್ಚು; ಆ ದಿನಗಳಲ್ಲಿ ರೋಗಿ ಇರಬೇಕಾದದ್ದು ಎಕೋ ಯಂತ್ರ ಇರುವ ಕಡೆ.

ಖರ್ಚಿನ ವಿಚಾರ ಒಂದಿಷ್ಟು. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, ನಡುವೆ ನಿಂತು, 2022ರಲ್ಲಿ ಪುನಃ ಆರಂಭವಾದ ಯಶಸ್ವಿನಿ ಯೋಜನೆಗೆ ವರ್ಷವರ್ಷವೂ ಸಂಘದ ಮೂಲಕ ನೋಂದಾಯಿಸಬೇಕಾಗುತ್ತದೆ. ಯಾವ ಶಸ್ತ್ರಕ್ರಿಯೆ ಪಟ್ಟಿಯಲ್ಲಿದೆ, ಯಾವ ಯಂತ್ರದ ಖರ್ಚು ಅದರಲ್ಲಿ ಸೇರುವುದಿಲ್ಲ ಎಂಬುದು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ತಿಳಿಯುತ್ತದೆ. ದಾಖಲಾದ ದಿನವೇ ಕೇಳಿ ಬರೆದುಕೊಳ್ಳಿ. ಪಡಿತರ ಚೀಟಿ, ಆಧಾರ್, ಯಶಸ್ವಿನಿ ಕಾರ್ಡು, ಹಳೆಯ ಇಸಿಜಿ, ನಿತ್ಯ ನುಂಗುವ ಮಾತ್ರೆಗಳ ಚೀಟಿ ಇವಿಷ್ಟನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯ ಎಲ್ಲರಿಗೂ ಗೊತ್ತಿರುವ ಕಡೆ ತೂಗುಹಾಕಿ. ನೋಂದಣಿ ಬಾಕಿಯಿರುವ ಸದಸ್ಯರು ಕುಟುಂಬದವರ ವಿವರದೊಂದಿಗೆ ಸಂಘದ ಕಚೇರಿಗೆ ಬಂದು, ಈ ಸಾಲಿನ ಕೊನೆಯ ದಿನಾಂಕವನ್ನು ಕಾರ್ಯದರ್ಶಿಯವರಲ್ಲಿ ಕೇಳಿಕೊಳ್ಳಬೇಕಾಗಿ ವಿನಂತಿ.